ಇಂಗ್ಲಿಷ್‌ನಲ್ಲಿ ನಿಮಗೆ ಯಾವ ಊರಿನ ಧಾಟಿ ಇಷ್ಟ, ಯಾವುದು ಕೇಳಲು ಆಗುವುದಿಲ್ಲ?

ಇಷ್ಟದ್ದು ಹೇಳಲು ಯೋಚನೆಯೇ ಬೇಡ, ಸ್ಕಾಟ್ಲೆಂಡಿನವರದ್ದು. ಇಷ್ಟವಿಲ್ಲದ್ದನ್ನು ಹೇಳಲು ಸ್ವಲ್ಪ ನಾಚಿಕೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕನ್ನಡದವರಿಗೆ ಬರೆದಂತೆ ಓದಿ ಅಭ್ಯಾಸ. ಇಂಗ್ಲಿಷ್ ಅಲ್ಲೇ ಕೈಕೊಡುವುದು. ಬರ್ಡ್, ವರ್ಡ್, ಹರ್ಡ್ ಈ ಮೂರು ಪದ ನೋಡಿ. ಬರೆಯುವಾಗ ಒಂದರಲ್ಲಿ 'ಐ', ಇನ್ನೊಂದರಲ್ಲಿ 'ಓ', ಮತ್ತೊಂದರಲ್ಲಿ 'ಇ-ಎ'. ಲಂಡನ್ನಿನ ಸುದ್ದಿವಾಚಕರ ಬಾಯಲ್ಲಿ ಮೂರಕ್ಕೂ ಒಂದೇ ಸ್ವರ, ರಕಾರವಂತೂ ನಾಪತ್ತೆ. ಬಹಳಷ್ಟು ಸ್ಕಾಟರು ಹಾಗೆ ಮಾಡುವುದಿಲ್ಲ. ಬಿರ್ಡ್ ಬೇರೆ, ವರ್ಡ್ ಬೇರೆ, ಹೆರ್ಡ್ ಬೇರೆ. ರಕಾರವನ್ನೂ ಎಷ್ಟೋ ಜನ ನಮ್ಮ ಹಾಗೆಯೇ ನಾಲಿಗೆ ತುದಿಯಿಂದ ಬಡಿಯುತ್ತಾರೆ. ಶಾಲೆಯಲ್ಲಿ 'ಬಿರ್ಡ್' ಅಂತ ಓದಿ ಬೈಸಿಕೊಂಡವನು ನಾನು. ಒಂದು ಇಡೀ ದೇಶ ನನ್ನ ಪರ ನಿಂತಿದೆ ಅಂತ ಗೊತ್ತಾದಾಗ ಆದ ಖುಷಿ ಅಷ್ಟಿಷ್ಟಲ್ಲ! ಕೆರೆಗೆ ಅವರು 'ಲೊಖ್' ಅನ್ನುತ್ತಾರೆ. ಅದನ್ನು ಸರಿಯಾಗಿ ಹೇಳಬೇಕೆಂದರೆ ಗಂಟಲನ್ನೂ ಸ್ವಲ್ಪ ಕೆರೆಯಬೇಕು.

ಹಾಗಂತ ಎಲ್ಲ ಅರ್ಥವಾಗುತ್ತದೆ ಅಂದುಕೊಳ್ಳಬೇಡಿ. ಗ್ಲಾಸ್ಗೋದ ಇಬ್ಬರು ತಮ್ಮತಮ್ಮಲ್ಲೇ ಮಾತಿಗಿಳಿದರೆ ನನಗೆ ಅರ್ಧ ತಲೆಗೆ ಹೋಗುವುದಿಲ್ಲ. ಸುಮ್ನೆ ಕೇಳುತ್ತಾ ಕೂರುತ್ತೇನೆ.

ಎರಡನೆಯ ಸ್ಥಾನ ನ್ಯೂಜಿಲೆಂಡಿಗೆ. ಅವರನ್ನು ಪ್ರೀತಿಯಿಂದ ಕಿವಿಗಳು ಅನ್ನುತ್ತಾರಲ್ವಾ, ಕಷ್ಟ ಮಾತ್ರ ನಮ್ಮ ಕಿವಿಗೆ. ಅವರ 'ಎ' ನಮಗೆ 'ಇ' ಅಂತ ಕೇಳುತ್ತದೆ, ಅವರ 'ಇ' ಹೆಚ್ಚುಕಡಿಮೆ 'ಅ' ಅಂತ. ಪೆನ್ ಕೇಳಿದರೆ ಪಿನ್ ಕೊಟ್ಟುಬಿಡುತ್ತೀರಿ. ಸಿಕ್ಸ್ ಹೋಗಿ ಸಕ್ಸ್. ಒಮ್ಮೆ ಅಲ್ಲಿನ ಸಹೋದ್ಯೋಗಿಯೊಬ್ಬರನ್ನು ಫೋನಿನಲ್ಲಿ ಒಂದು ಫೈಲ್ ಎಲ್ಲಿದೆ ಅಂತ ಕೇಳಿದೆ. 'ಡಿಸ್ಕ್ ಮೇಲಿದೆ' ಅಂದರು. ಮಧ್ಯಾಹ್ನವೆಲ್ಲ ಸರ್ವರಿನ ಡಿಸ್ಕ್ ಜಾಲಾಡಿದೆ. ಅದು ಅವರ ಡೆಸ್ಕ್ ಮೇಲೆ, ಕಾಗದದ ರೂಪದಲ್ಲಿ, ತಣ್ಣಗೆ ಕೂತಿತ್ತು. ಆ ಧಾಟಿ ಇವತ್ತಿಗೂ ಇಷ್ಟ. ಆದರೆ ಯಾವ ಪದವನ್ನಾದರೂ ಒಂದೊಂದೇ ಅಕ್ಷರ ಹೇಳಿ ಅಂತ ಕೇಳುತ್ತೇನೆ.

ಇನ್ನು ಇಷ್ಟವಿಲ್ಲದ್ದು. ಬ್ರಿಟನ್ನಿನವರನ್ನು ಕೇಳಿದರೆ ಬಹಳ ಜನ ಬರ್ಮಿಂಗ್‌ಹ್ಯಾಮ್ ಅನ್ನುತ್ತಾರೆ. ಅಲ್ಲಿನ ಸಮೀಕ್ಷೆಗಳಲ್ಲಿ ಆ ಊರಿನ ಧಾಟಿ ಮತ್ತೆ ಮತ್ತೆ ತಳದಲ್ಲೇ ಇರುತ್ತದೆ. ನನಗೆ ಈ ವಿಷಯ ಗೊತ್ತಾಗುವ ಮೊದಲೇ ಆ ಊರಿನವರೊಬ್ಬರ ಜೊತೆ ತಿಂಗಳುಗಟ್ಟಲೆ ಮಾತಾಡಿದ್ದೆ. ಒಳ್ಳೆ ನಿಧಾನದ, ಸ್ವಲ್ಪ ಎಳೆಯುವ ಮಾತು. ಚೆನ್ನಾಗೇ ಇತ್ತು! ಆಮೇಲೆ ಹೊವರ್ಡ್ ಜೈಲ್ಸ್ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದ ಬಗ್ಗೆ ಓದಿದೆ. ಗ್ರೀಕ್ ಗೊತ್ತೇ ಇಲ್ಲದ ಬ್ರಿಟಿಷ್ ವಿದ್ಯಾರ್ಥಿಗಳಿಗೆ ಅಥೆನ್ಸಿನ ಗ್ರೀಕನ್ನೂ ಕ್ರೀಟ್ ದ್ವೀಪದ ಗ್ರೀಕನ್ನೂ ಕೇಳಿಸಿದರು. ಗ್ರೀಕರ ಲೆಕ್ಕದಲ್ಲಿ ಅಥೆನ್ಸಿನದು ಮೇಲು, ಕ್ರೀಟಿನದು ಹಳ್ಳಿಯದು. ಆದರೆ ಆ ವಿದ್ಯಾರ್ಥಿಗಳ ಕಿವಿಗೆ ಒಂದು ಇನ್ನೊಂದಕ್ಕಿಂತ ಇಂಪು ಅನ್ನಿಸಲೇ ಇಲ್ಲ. ಅಂದರೆ ಬರ್ಮಿಂಗ್‌ಹ್ಯಾಮಿನ ಸ್ವರದಲ್ಲಿ ತಪ್ಪೇನಿಲ್ಲ. ಕೇಳುವವರ ತಲೆಯಲ್ಲಿ ಆ ಕೈಗಾರಿಕಾ ಊರಿನ ಕಾರ್ಖಾನೆಯ ಹೊಗೆ ಮೊದಲೇ ತುಂಬಿದೆ, ಅಷ್ಟೇ.

ಇದೇ ಥರದ ಇನ್ನೊಂದು ಸಂಗತಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಿಬಿಸಿಯವರು ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿನ ವಿಲ್ಫ್ರೆಡ್ ಪಿಕಲ್ಸ್ ಅವರನ್ನು ರಾಷ್ಟ್ರೀಯ ಸುದ್ದಿ ಓದಲು ಕರೆಸಿದರು. ಅವರು ಉತ್ತರದ ಕೇಳುಗರಿಗೆ 'ಗುಡ್ ನೈಟ್' ಬದಲು ತಮ್ಮೂರಿನ ಹಾಗೆ 'ಗುಡ್ ನೀಟ್' ಅಂದು ಮುಗಿಸುತ್ತಿದ್ದರು. ಕೇಳುಗರಿಂದ ದೂರುಗಳು ಬಂದವು. ಯುದ್ಧದ ಸುದ್ದಿಗಿಂತ ಜನರಿಗೆ ಆ 'ನೀಟ್' ಜಾಸ್ತಿ ಚುಚ್ಚಿತೋ ಏನೋ.

ಹಾಗಾದರೆ ನನಗೆ ಆಗದ್ದು ಯಾವುದು? ಯಾವ ಊರಿನದೂ ಅಲ್ಲದ ಧಾಟಿ. ಗ್ರಾಹಕರ ಫೋನ್ ಎತ್ತುವ ಕೆಲಸಕ್ಕೆ ಸೇರಿದಾಗ ಒಂದು ಕಂಪನಿಯಲ್ಲಿ ನಮಗೆ ಅದನ್ನೇ ಕಲಿಸಿದರು. ವಾಟರ್ ಅನ್ನಬೇಡಿ, ವಾಡರ್ ಅನ್ನಿ. ನಾಲಿಗೆ ಬಡಿಯಬೇಡಿ, ಹಿಂದಕ್ಕೆ ಮಡಚಿ. ನಗುತ್ತಾ ಮಾತಾಡಿ, ನಗು ಫೋನಿನಲ್ಲೂ ಕೇಳುತ್ತದೆ. ಮೂರು ವಾರ ಇದೇ. ಆಮೇಲೆ ರೆಕಾರ್ಡಿಂಗ್ ಹಾಕಿ ತೋರಿಸಿದರು. ಅಮೆರಿಕದವನೂ ಅಲ್ಲದ, ನಾನೂ ಅಲ್ಲದ ಒಬ್ಬ ಮನುಷ್ಯ ಅದರಲ್ಲಿ 'ಶ್ಯೂರ್ ಸರ್' ಅನ್ನುತ್ತಿದ್ದ. ಪಕ್ಕದಲ್ಲಿದ್ದವಳು ಕಿಸಕ್ಕನೆ ನಕ್ಕಳು. ಮರುಕ್ಷಣ ಅವಳ ರೆಕಾರ್ಡಿಂಗ್ ಬಂತು, ಅದೂ ಹಾಗೇ ಇತ್ತು.

ಇದರಲ್ಲಿ ಸ್ವಲ್ಪ ಅನ್ಯಾಯ ಇದೆ ಅಂತ ಗೊತ್ತು. 1930ರ ದಶಕದ ಎಷ್ಟೋ ಹಾಲಿವುಡ್ ನಟರ ಧಾಟಿಯೂ ಅರ್ಧ ಬ್ರಿಟಿಷ್ ಅರ್ಧ ಅಮೆರಿಕನ್, ಅದನ್ನೂ ಕಲಿತೇ ಆಡುತ್ತಿದ್ದರು. ಅದನ್ನು ಮಾತ್ರ ನಾನು ಬಾಯಿ ಬಿಟ್ಟುಕೊಂಡು ಕೇಳುತ್ತೇನೆ. ಬಹುಶಃ ಅವರಿಗೆ ಯಾರೂ 'ನಿಮ್ಮ ಮ್ಯಾನೇಜರ್‌ಗೆ ಕೊಡಿ' ಅಂತ ಕಿರುಚುತ್ತಿರಲಿಲ್ಲ.

ಆ ಕೆಲಸ ಬಿಟ್ಟು ಬಹಳ ಕಾಲವಾಯಿತು. ಆದರೂ ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ 'ಹಲೋ' ಮಾತ್ರ ಇನ್ನೂ ಅದೇ ಧಾಟಿಯಲ್ಲಿ ಬಾಯಿಂದ ಹೊರಡುತ್ತದೆ.