ಗ್ರೀಸಿಗೆ ಸುಮ್ನೆ ಇರೋಕೆ ಹೋಗೋದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ನಾನೂ ನನ್ನ ಗಂಡನೂ ಇಬ್ರೂ ಕೆಲ್ಸಕ್ಕೆ ಹೋಗೋರು, ಎರಡು ವರ್ಷದಿಂದ ರಜೆ ಅಂತ ಒಂದು ತಗೊಂಡಿಲ್ಲ. ಸೆಪ್ಟೆಂಬರಲ್ಲಿ ಹತ್ತು ದಿನ ಸಿಕ್ತಿದೆ, ಅತ್ತೆನೂ ಜೊತೆಗೆ ಬರ್ತಾರೆ, ಅವ್ರಿಗೆ ಮಂಡಿ ನೋವು. ಗ್ರೀಸಿನ ಯಾವುದಾದ್ರೂ ದ್ವೀಪದಲ್ಲಿ ಆರಾಮಾಗಿ ಇರ್ಬೇಕು, ಅಷ್ಟೇ ಆಸೆ. ಏಜೆಂಟ್ ಕೊಟ್ಟಿರೋ ಪ್ಲಾನಲ್ಲಿ ಅಥೆನ್ಸ್ ಎರಡು ರಾತ್ರಿ, ಮೈಕೊನೋಸ್ ಎರಡು, ಸ್ಯಾಂಟೊರಿನಿ ಎರಡು, ಕ್ರೀಟ್ ಎರಡು ಅಂತ ಇದೆ. ಒಪ್ಕೋಬಹುದಾ?
(ಮೈಸೂರಿನ ಓದುಗರು)

ಉತ್ತರ: ಒಪ್ಕೋಬೇಡಿ. ನಾಲ್ಕೂ ಒಳ್ಳೆ ಜಾಗಗಳೇ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ನೀವು ಕೇಳಿದ್ದು ರೆಸ್ಟು, ಅವ್ರು ಕೊಟ್ಟಿರೋದು ಓಡಾಟ. ದ್ವೀಪದಿಂದ ದ್ವೀಪಕ್ಕೆ ಹೋಗೋ ದಿನ ಹೇಗಿರುತ್ತೆ ಅಂತ ಹೇಳ್ತೀನಿ ಕೇಳಿ. ಬೆಳಿಗ್ಗೆ ಹನ್ನೊಂದರೊಳಗೆ ರೂಮ್ ಖಾಲಿ ಮಾಡ್ಬೇಕು, ಸೂಟ್‌ಕೇಸ್ ಎಳ್ಕೊಂಡು ಬಂದರಿಗೆ ಹೋಗಿ ಬಿಸಿಲಲ್ಲಿ ಸಾಲು ನಿಲ್ಬೇಕು, ಹಡಗು ಬಂತು ಅಂದ್ರೆ ಚಿಕ್ಕ ದ್ವೀಪಗಳಲ್ಲಿ ಅದು ನಿಲ್ಲೋದೇ ಕೆಲವು ನಿಮಿಷ, ಅಷ್ಟರಲ್ಲಿ ಇಳಿಯೋರು ಹತ್ತೋರು ಎಲ್ಲಾ ಒಟ್ಟಿಗೆ ನುಗ್ತಾರೆ, ಲಗೇಜನ್ನ ಕೆಳಗಡೆ ಗಾಡಿಗಳು ನಿಲ್ಲೋ ಜಾಗದಲ್ಲಿ ಇಟ್ಟು ಮೆಟ್ಟಿಲು ಹತ್ಬೇಕು, ಆ ಕಡೆ ಇಳಿದ್ರೆ ರೂಮು ಕೊಡೋದು ಮಧ್ಯಾಹ್ನ ಎರಡು ಮೂರು ಗಂಟೆಗೆ. ಒಂದಿಡೀ ದಿನ ಹೋಯ್ತು. ನಾಲ್ಕು ಊರಿನ ಪ್ಲಾನಲ್ಲಿ ಇಂಥ ದಿನಗಳೇ ಮೂರು ನಾಲ್ಕು ಆಗುತ್ತೆ, ಮಂಡಿ ನೋವಿರೋ ಅತ್ತೆಯನ್ನ ಅದ್ರಲ್ಲಿ ಎಳ್ಕೊಂಡು ಹೋಗೋದು ನಂಗಂತೂ ಮನಸ್ಸು ಒಪ್ಪಲ್ಲ.

ನಾನು ಮೊದಲನೇ ಸಲ ಹೋದಾಗ ಆರು ದಿನಕ್ಕೆ ಮೂರು ದ್ವೀಪ ಇಟ್ಕೊಂಡಿದ್ದೆ, ಅದೂ ಆಗಸ್ಟಲ್ಲಿ, ಗಾಳಿ ಎದ್ದು ಹಡಗು ನಿಂತು ಒಂದಿಡೀ ದಿನ ಬಂದರಿನ ಪಕ್ಕದ ಕಾಫಿ ಅಂಗಡೀಲಿ ಸೂಟ್‌ಕೇಸ್ ಕಾಯ್ತಾ ಕೂತಿದ್ದೆ. ಎರಡನೇ ಸಲ ಒಂದೇ ದ್ವೀಪ, ಒಂದೇ ಮನೆ, ಏಳು ರಾತ್ರಿ. ನಾಲ್ಕನೇ ದಿನಕ್ಕೆ ಬೇಕರಿಯಮ್ಮ ನಾನು ಬಾಯಿ ಬಿಡೋ ಮುಂಚೆನೇ ಪಾಲಕ್ ಪೈ ಕಟ್ಟಿ ಕೊಡೋಕೆ ಶುರು ಮಾಡಿದ್ರು, ಆ ದಿನವೇ ನಂಗೆ ತಲೆ ಹಗುರ ಆಗಿದ್ದು. ದಣಿವು ಇಳಿಯೋಕೆ ಮೂರು ದಿನ ಬೇಕೇ ಬೇಕು, ಎರಡೆರಡು ರಾತ್ರಿ ಲೆಕ್ಕದಲ್ಲಿ ಆ ಮೂರನೇ ದಿನ ಬರೋದೇ ಇಲ್ಲ.

ಹಾಗಾಗಿ ನಿಮಗೆ ನಾನು ಹೇಳೋದು ನಾಕ್ಸೋಸ್. ಏಜಿಯನ್ ಸಮುದ್ರದಲ್ಲಿ ಸೈಕ್ಲೇಡ್ಸ್ ಅಂತ ಒಂದು ದ್ವೀಪಗಳ ಗುಂಪಿದೆ, ಅದ್ರಲ್ಲಿ ಇದೇ ದೊಡ್ಡದು, ಸುಮಾರು 430 ಚದರ ಕಿಲೋಮೀಟರ್. ದೊಡ್ಡದಾಗಿರೋದ್ರಿಂದ ಒಂದು ಉಪಕಾರ ಇದೆ, ಇಲ್ಲಿ ಹೊಲ ಗದ್ದೆ ದನ ಕರು ಎಲ್ಲಾ ಇವೆ, ಆಲೂಗಡ್ಡೆಗೆ ಗ್ರೀಸಲ್ಲೆಲ್ಲಾ ಹೆಸರುವಾಸಿ, ಅಂದ್ರೆ ಟೂರಿಸ್ಟ್ ಬರದಿದ್ರೂ ಬದುಕೋ ಊರು ಇದು, ಅಂಥ ಊರಲ್ಲಿ ಅತಿಥಿಗೂ ಸಮಾಧಾನ ಇರುತ್ತೆ. ಅಥೆನ್ಸಿನ ಪೈರಿಯಸ್ ಬಂದರಿಂದ ದೊಡ್ಡ ಹಡಗಲ್ಲಿ ಐದು ಗಂಟೆ ಚಿಲ್ರೆ, ಹೈಸ್ಪೀಡ್ ಹಡಗಲ್ಲಿ ಅದಕ್ಕಿಂತ ಬೇಗ, ಆದ್ರೆ ನೀವು ದೊಡ್ಡದ್ರಲ್ಲೇ ಹೋಗಿ, ಹೊರಗಡೆ ಡೆಕ್ಕಲ್ಲಿ ಕೂರಬಹುದು, ಕುಲುಕಾಟ ಕಮ್ಮಿ, ಟಿಕೆಟ್ ದುಡ್ಡೂ ಕಮ್ಮಿ. ರೂಮನ್ನ ಊರಿನ ಹಳೇ ಕೋಟೆ ಒಳಗೆ ತಗೋಬೇಡಿ, ಅದು ವೆನಿಸ್‌ನವರು 1207ರ ನಂತರ ಇಲ್ಲಿ ಆಳಿದಾಗ ಕಟ್ಟಿದ್ದು, ನೋಡೋಕೆ ತುಂಬಾ ಚೆನ್ನ, ಆದ್ರೆ ಬರೀ ಏರು ಮತ್ತು ಮೆಟ್ಟಿಲು. ಆಗಿಯೋಸ್ ಯೊರ್ಗಿಯೋಸ್ ಬೀಚ್ ಹತ್ರ ತಗೊಳ್ಳಿ, ಸಮತಟ್ಟು ಜಾಗ, ಊರಿನ ಪೇಟೆಗೆ ನಡ್ಕೊಂಡೇ ಹೋಗ್ಬಹುದು, ಅತ್ತೆ ಒಬ್ರೇ ಸಂಜೆ ವಾಕ್ ಹೋಗಿ ಬರಬಹುದು.

ಸ್ಯಾಂಟೊರಿನಿ ಬಿಟ್ಟು ಹೋಗುತ್ತಲ್ಲ ಅಂತ ಬೇಜಾರಾದ್ರೆ, ನಾಕ್ಸೋಸಿಂದ ಹಡಗಲ್ಲಿ ಎರಡು ಗಂಟೆ ಆಸುಪಾಸು, ಒಂದು ದಿನ ಹೋಗಿ ನೋಡ್ಕೊಂಡು ಬನ್ನಿ. ಅದು ಜ್ವಾಲಾಮುಖಿ ಕುಸಿದು ಉಳಿದಿರೋ ದ್ವೀಪ, ಫೋಟೋದಲ್ಲಿ ಕಾಣೋ ಬಿಳಿ ಮನೆಗಳೆಲ್ಲಾ ಕಡಿದಾದ ಬಂಡೆ ಅಂಚಲ್ಲಿವೆ, ಅಲ್ಲಿಂದ ಸಮುದ್ರ ನೋಡ್ಬಹುದು, ಆದ್ರೆ ಕಾಲು ನೆನೆಸ್ಬೇಕು ಅಂದ್ರೆ ದ್ವೀಪದ ಇನ್ನೊಂದು ಮಗ್ಗುಲಿಗೆ ಬಸ್ ಹಿಡೀಬೇಕು. ಫಿರಾ ಊರಿಂದ ಹಳೇ ಬಂದರಿಗೆ ಇಳಿಯೋಕೆ 588 ಮೆಟ್ಟಿಲು, ಕೇಬಲ್ ಕಾರ್ ಇದೆ ಅನ್ನಿ.

ನಿಮ್ಮ ಲೆಕ್ಕ ಹೀಗೆ: ಮೊದಲನೇ ರಾತ್ರಿ ಅಥೆನ್ಸ್, ಆಮೇಲೆ ನಾಕ್ಸೋಸ್ ಏಳು, ಕೊನೇ ರಾತ್ರಿ ಮತ್ತೆ ಅಥೆನ್ಸ್. ಆ ಕೊನೇ ರಾತ್ರಿಯನ್ನ ಯಾವ ಕಾರಣಕ್ಕೂ ಉಳಿಸೋಕೆ ಹೋಗ್ಬೇಡಿ, ಗಾಳಿ ಜಾಸ್ತಿ ಆದ್ರೆ ಹಡಗು ಬಿಡಲ್ಲ, ವಿಮಾನದ ದಿನವೇ ದ್ವೀಪದಿಂದ ಹೊರಟು ಸಿಕ್ಕಿಹಾಕ್ಕೊಂಡ್ರೆ ಮನೆಗೆ ಬರೋ ಟಿಕೆಟ್ಟೇ ಹೋಗುತ್ತೆ.

ಪ್ರಶ್ನೆ: ನಮ್ಮಮ್ಮ ಮೊಟ್ಟೆ ಕೂಡ ಮುಟ್ಟಲ್ಲ. ಗ್ರೀಸಲ್ಲಿ ಬರೀ ಮೀನು ಮಾಂಸ ಅಂತಾರೆ, ರೈಸ್ ಕುಕ್ಕರ್ ತಗೊಂಡು ಹೋಗ್ಬೇಕಾ?
(ಶಿವಮೊಗ್ಗದ ಓದುಗರು)

ಉತ್ತರ: ಕುಕ್ಕರ್ ಬೇಡ, ಚಟ್ನಿಪುಡಿ ಒಂದು ಡಬ್ಬಿ ಸಾಕು. ಯುರೋಪಲ್ಲಿ ಸಸ್ಯಾಹಾರಿಗಳಿಗೆ ಇಷ್ಟು ಹೊಂದೋ ಅಡುಗೆ ಕಮ್ಮಿ ಅಂತ ನಾನು ಧೈರ್ಯವಾಗಿ ಹೇಳ್ತೀನಿ, ಯಾಕಂದ್ರೆ ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ವರ್ಷದಲ್ಲಿ ನೂರಕ್ಕೂ ಹೆಚ್ಚು ದಿನ ಉಪವಾಸದ ನೇಮ ಇದೆ, ಆ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ನಮ್ಮಲ್ಲಿ ಏಕಾದಶಿಗೆ ಅಂತಲೇ ಬೇರೆ ಅಡುಗೆ ಇರೋ ಹಾಗೆ ಅವರಲ್ಲೂ ಬೆಳೆದಿದೆ.

ಹೋರ್ತಾ ಅಂತ ಕೇಳಿ, ಅದು ನಮ್ಮ ಬೆರಕೆ ಸೊಪ್ಪೇ, ಕಾಡು ಸೊಪ್ಪನ್ನ ಬೇಯಿಸಿ ಆಲಿವ್ ಎಣ್ಣೆ, ನಿಂಬೆಹುಳಿ ಹಾಕಿ ಕೊಡ್ತಾರೆ. ಫಾವಾ ಅಂದ್ರೆ ಹಳದಿ ಬೇಳೆ ನುಣ್ಣಗೆ ಮಸೆದ ಗಟ್ಟಿ ತೊವ್ವೆ, ಮೇಲೆ ಹಸಿ ಈರುಳ್ಳಿ. ಯಿಗಾಂದೆಸ್ ಅಂದ್ರೆ ಹೆಬ್ಬೆರಳಷ್ಟು ದಪ್ಪ ಬಿಳೀ ಕಾಳು ಟೊಮೆಟೊ ಸಾರಲ್ಲಿ ಬೆಂದಿರೋದು. ಬ್ರಿಯಾಂ ಅಂದ್ರೆ ಬದನೆಕಾಯಿ, ಆಲೂಗಡ್ಡೆ, ಟೊಮೆಟೊ ಎಲ್ಲಾ ಓವನ್ನಲ್ಲಿ ಬೇಯಿಸಿದ ಪಲ್ಯ. ಝಾಝಿಕಿ ಸೌತೆಕಾಯಿ ಮೊಸರುಬಜ್ಜಿ, ಬೆಳ್ಳುಳ್ಳಿ ಮಾತ್ರ ಜೋರು. ದೋಲ್ಮಾದೆಸ್ ಅಂತ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸ್ತಾರೆ, ಪತ್ರೊಡೆ ತಿಂದು ಬೆಳೆದ ಅಮ್ಮಂಗೆ ಅದು ನೋಡಿದ ತಕ್ಷಣ ಅರ್ಥ ಆಗುತ್ತೆ.

ಎಚ್ಚರ ಬೇಕಾಗಿರೋದು ಮೂರು ಕಡೆ. ಆ ಎಲೆ ಸುರುಳಿಯಲ್ಲೂ, ಗೆಮಿಸ್ತಾ ಅನ್ನೋ ಅನ್ನ ತುಂಬಿದ ಟೊಮೆಟೊದಲ್ಲೂ ಕೆಲವು ಕಡೆ ಖೀಮಾ ಹಾಕ್ತಾರೆ, "ಹೋರಿಸ್ ಕ್ರೇಆಸ್" ಅಂದ್ರೆ ಮಾಂಸ ಇಲ್ಲದ್ದು, "ಹೋರಿಸ್ ಅವ್ಗಾ" ಅಂದ್ರೆ ಮೊಟ್ಟೆ ಇಲ್ಲದ್ದು, ಎರಡನ್ನೂ ಚೀಟೀಲಿ ಬರ್ಕೊಳ್ಳಿ. ಉಪವಾಸದ ಅಡುಗೆಗೆ ನಿಸ್ತೀಸಿಮೋ ಅಂತಾರೆ, ಆದ್ರೆ ಅವರ ನೇಮದಲ್ಲಿ ಸೀಗಡಿ, ಆಕ್ಟೋಪಸ್ ನಡೆಯುತ್ತೆ, ಆದ್ದರಿಂದ ಆ ಪದ ಒಂದನ್ನೇ ನಂಬ್ಕೋಬೇಡಿ. ಮೂರನೇದು ಚೀಸು. ನಾಕ್ಸೋಸಿನ ಗ್ರಾವಿಯೇರಾ ಹೆಚ್ಚಾಗಿ ಹಸುವಿನ ಹಾಲಿಂದು, ರುಚಿ ಬಹಳ ಚೆನ್ನ, ಆದ್ರೆ ಹಳೇ ಪದ್ಧತಿಯ ಚೀಸಿಗೆ ಹಾಲು ಒಡೆಸೋದು ಕರು, ಕುರಿಮರಿ, ಆಡಿನ ಮರಿಗಳ ಹೊಟ್ಟೆಯಿಂದ ತೆಗೆದ ರೆನೆಟ್ಟಲ್ಲಿ, ಫೆಟಾಗೂ ಹಾಗೇ ಬಳಸ್ತಾರೆ. ಅಮ್ಮಂಗೆ ಇದನ್ನ ಮೊದಲೇ ಹೇಳ್ಬಿಡಿ, ತಿನ್ನೋದು ಬಿಡೋದು ಅವರ ಇಷ್ಟ. ಮೊಸರಿಗೆ ಆ ಚಿಂತೆ ಇಲ್ಲ, ಗಟ್ಟಿ ಮೊಸರಿನ ಮೇಲೆ ಜೇನುತುಪ್ಪ, ಅಕ್ರೋಟು, ನಮ್ಮನೇಲಿ ಎಲ್ರೂ ದಿನಾ ಬೆಳಿಗ್ಗೆ ಅದೇ ತಿಂದಿದ್ದು.

ಇನ್ನೊಂದು, ಗ್ರೀಕಲ್ಲಿ "ನೆ" ಅಂದ್ರೆ ಹೌದು, "ಓಹಿ" ಅಂದ್ರೆ ಇಲ್ಲ. "ಇದ್ರಲ್ಲಿ ಮಾಂಸ ಇದೆಯಾ" ಅಂತ ಕೇಳ್ದಾಗ ಅವ್ರು "ನೆ" ಅಂದ್ರೆ ನಮ್ಮ ಕಿವಿಗೆ ಇಲ್ಲ ಅಂದ ಹಾಗೆ ಕೇಳುತ್ತೆ, ಅಲ್ಲೇ ಎಡವಟ್ಟಾಗೋದು.

ಪ್ರಶ್ನೆ: ನಾವು ನಾಲ್ಕು ಮಂದಿ ಗೆಳತ್ಯಾರು ಹೊಂಟೀವ್ರಿ, ಒಬ್ಬಾಕಿಗೂ ಈಜು ಬರಂಗಿಲ್ಲ. ಸಮುದ್ರದಾಗ ಇಳೀಬಹುದೇನ್ರಿ?
(ಧಾರವಾಡದ ಓದುಗರು)

ಉತ್ತರ: ಖಂಡಿತ ಇಳೀರಿ. ನಮ್ಮ ಕಾರವಾರ ಉಡುಪಿ ಕಡಲಿಗೂ ಅಲ್ಲಿಗೂ ಬಹಳ ವ್ಯತ್ಯಾಸ ಇದೆ, ಏಜಿಯನ್ ಸಮುದ್ರದಲ್ಲಿ ಉಬ್ಬರ ಇಳಿತ ಇದೆಯೋ ಇಲ್ವೋ ಅನ್ನೋಷ್ಟು ಕಮ್ಮಿ, ಗಾಳಿ ಇಲ್ಲದ ದಿನ ನೀರು ಕೆರೆ ಥರ ನಿಂತಿರುತ್ತೆ. ನಾಕ್ಸೋಸಿನ ಆಗಿಯೋಸ್ ಯೊರ್ಗಿಯೋಸ್ ಬೀಚಲ್ಲಿ ಮರಳು ತಳ, ಬಹಳ ದೂರದ ತನಕ ಸೊಂಟದ ಮಟ್ಟ ದಾಟಲ್ಲ, ನಿಮಗೆ ಅದೇ ಸರಿ. ಆಗಿಯೋಸ್ ಪ್ರೊಕೋಪಿಯೋಸ್ ಬಣ್ಣ ಇನ್ನೂ ಚಂದ, ಆದ್ರೆ ಅಲ್ಲಿ ಬೇಗ ಆಳ ಆಗುತ್ತೆ. ಕಾಟನ್ ಚೂಡಿದಾರಲ್ಲಿ ನೀರಿಗಿಳೀಬೇಡಿ, ನೆಂದು ಭಾರ ಆಗಿ ಕೆಳಗೆ ಎಳೆಯುತ್ತೆ, ಈಜೋಕೇ ಅಂತ ಸಿಗೋ ಫುಲ್ ಲೆಗ್ಗಿಂಗು, ತುಂಬು ತೋಳಿನ ಟೀಶರ್ಟು ತಗೊಳ್ಳಿ, ಯಾರೂ ತಿರುಗಿ ನೋಡಲ್ಲ. ಬಂಡೆ ಇರೋ ಕಡೆ ಕಾಲಿಗೆ ರಬ್ಬರ್ ಚಪ್ಪಲಿ ಇರ್ಲಿ, ಮುಳ್ಳಿನ ಕಡಲ ಜೀವಿಗಳಿರ್ತವೆ. ಪ್ಲಾಕಾ ಬೀಚು ಉದ್ದ, ಶಾಂತ, ಅದ್ರ ಕೆಲವು ಭಾಗದಲ್ಲಿ ಬಟ್ಟೆ ಇಲ್ಲದೆ ಮಲಗೋರು ಇರ್ತಾರೆ, ಮುಜುಗರ ಅನ್ಸಿದ್ರೆ ಜನ ಇರೋ ಕಡೆಗೇ ಕೂರಿ.

ಪ್ರಶ್ನೆ: ನಾವು ದುಬೈಯಲ್ಲಿರೋ ಕನ್ನಡಿಗರು. ಮಕ್ಕಳ ಸ್ಕೂಲ್ ರಜೆ ಜುಲೈ ಆಗಸ್ಟಲ್ಲೇ. ಆಗ ಹೋಗ್ಬಹುದಾ?

ಉತ್ತರ: ಹೋಗ್ಬಹುದು, ಆದ್ರೆ ಮೆಲ್ತೆಮಿ ಬಗ್ಗೆ ಗೊತ್ತಿರ್ಲಿ. ಬೇಸಿಗೇಲಿ ಉತ್ತರದಿಂದ ಬೀಸೋ ಒಣ ಗಾಳಿ ಅದು, ಜುಲೈ ಆಗಸ್ಟಲ್ಲಿ ಜೋರು, ಆಕಾಶ ನೀಲಿಯಾಗೇ ಇರುತ್ತೆ, ಮೋಡದ ಸುಳಿವೇ ಇರಲ್ಲ, ಆದ್ರೂ ದಿನಗಟ್ಟಲೆ ಬೀಸ್ತಾನೇ ಇರುತ್ತೆ. ಸೆಖೆ ತಡೆಯೋದೂ ಅದೇ, ಹಡಗು ನಿಲ್ಸೋದೂ ಅದೇ. ಸೈಕ್ಲೇಡ್ಸ್ ಅದಕ್ಕೆ ನೇರ ಸಿಗುತ್ತೆ. ನಾಕ್ಸೋಸಲ್ಲೇ ಮಿಕ್ರಿ ವಿಗ್ಲಾ ಅನ್ನೋ ಬೀಚಿಗೆ ಗಾಳಿ ಹಿಡಿದು ನೀರಿನ ಮೇಲೆ ಸರ್ಫಿಂಗ್ ಮಾಡೋರು ಅದಕ್ಕೋಸ್ಕರವೇ ಬರ್ತಾರೆ. ಚಿಕ್ಕ ಮಕ್ಕಳಿದ್ರೆ ನಾನಾದ್ರೆ ಆಗ ಪಶ್ಚಿಮದ ಅಯೋನಿಯನ್ ಕಡೆ ಹೋಗ್ತೀನಿ, ಕೋರ್ಫು ಅಥವಾ ಕೆಫಲೋನಿಯಾ, ಅಲ್ಲಿ ಗಾಳಿ ಮೆದು, ಹಸಿರೂ ಜಾಸ್ತಿ, ಮಲೆನಾಡಿನವರಾದ್ರೆ ಮನಸ್ಸಿಗೆ ಹತ್ರ ಆಗುತ್ತೆ. ಆಗಸ್ಟ್ 15ರ ಆಸುಪಾಸು ಮಾತ್ರ ಬೇಡ, ಮೇರಿ ಮಾತೆಯ ದೊಡ್ಡ ಹಬ್ಬ ಅದು, ಇಡೀ ಗ್ರೀಸೇ ಊರಿಗೆ ಹೊರಟಿರುತ್ತೆ, ಹಡಗಲ್ಲೂ ಜಾಗ ಇಲ್ಲ ರೂಮೂ ಇಲ್ಲ. ದಿನ ಆಯ್ಕೆ ಮಾಡೋ ಸ್ವಾತಂತ್ರ್ಯ ಇರೋರಿಗೆ ಜೂನ್ ಅಥವಾ ಸೆಪ್ಟೆಂಬರ್. ಸೆಪ್ಟೆಂಬರೇ ನನ್ನ ಆಯ್ಕೆ, ಬೇಸಿಗೆಯೆಲ್ಲಾ ಕಾದ ಸಮುದ್ರ ಆಗ ಬೆಚ್ಚಗಿರುತ್ತೆ, ಮೇ ತಿಂಗಳಲ್ಲಿ ಅದೇ ನೀರು ನಮ್ಮೋರಿಗೆ ಚಳಿ ಹಿಡಿಸುತ್ತೆ.

ಪ್ರಶ್ನೆ: ವೀಸಾ, ದುಡ್ಡು, ಗಾಡಿ ಬಗ್ಗೆ ಚುಟುಕಾಗಿ ಹೇಳಿ.
(ಬೆಂಗಳೂರಿನ ಓದುಗರು)

ಉತ್ತರ: ಗ್ರೀಸಿಗೆ ಬೇಕಾಗಿರೋದು ಷೆಂಗೆನ್ ವೀಸಾ, ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡೋ ಒಂದೇ ವೀಸಾ ಅದು, ದೊಡ್ಡೋರಿಗೆ ಶುಲ್ಕ 90 ಯೂರೋ, ವೀಸಾ ಸೆಂಟರಿನ ಸರ್ವಿಸ್ ಚಾರ್ಜು ಬೇರೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿಂದ ಅರ್ಜಿ ಹಾಕ್ಬಹುದು, ಬೇಸಿಗೆಗೆ ಹೋಗೋರು ಮೂರು ತಿಂಗಳು ಮುಂಚೆನೇ ಸ್ಲಾಟ್ ಹಿಡೀರಿ. 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. ಹೋಟೆಲಲ್ಲಿ ರೂಮ್ ಬಾಡಿಗೆ ಜೊತೆಗೆ ದಿನಕ್ಕಿಷ್ಟು ಅಂತ ಸರ್ಕಾರದ ಒಂದು ಶುಲ್ಕ ತಗೋತಾರೆ, ಬೇಸಿಗೆ ತಿಂಗಳುಗಳಲ್ಲಿ ಚಿಕ್ಕ ಹೋಟೆಲಿಗೆ 2 ಯೂರೋ, ಐದು ಸ್ಟಾರಿಗೆ 15, ಅದು ಮೋಸ ಅಲ್ಲ, ಜಗಳ ಮಾಡ್ಬೇಡಿ. ಕಾರು ಸ್ಕೂಟರ್ ಓಡಿಸೋದಾದ್ರೆ ನಮ್ಮ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸ್ಕೊಂಡೇ ಹೋಗಿ, ಅಲ್ಲಿ ರಸ್ತೆಯ ಬಲಗಡೆ ಓಡಿಸ್ಬೇಕು. ಓಡಿಸಲ್ಲ ಅಂದ್ರೂ ಚಿಂತೆ ಇಲ್ಲ, ನಾಕ್ಸೋಸಲ್ಲಿ ಬೀಚಿಗೂ ಬೆಟ್ಟದ ಹಳ್ಳಿಗಳಿಗೂ ಬಸ್ಸಿದೆ. ಟಾಯ್ಲೆಟ್ ಪೇಪರ್ ಕಮೋಡಿಗೆ ಹಾಕ್ಬೇಡಿ, ಪಕ್ಕದ ಬುಟ್ಟಿಗೆ ಹಾಕಿ, ಪೈಪು ಸಣ್ಣದು, ಕಟ್ಕೊಳ್ಳುತ್ತೆ.

ಪ್ರಶ್ನೆ: ಒಂದೇ ದ್ವೀಪದಲ್ಲಿ ಏಳು ದಿನ ಬೋರ್ ಆಗಲ್ವಾ? ಅಷ್ಟು ದುಡ್ಡು ಕೊಟ್ಟು ಹೋಗಿ ಸುಮ್ನೆ ಕೂರೋದು ಅಂದ್ರೆ ನಮ್ಮನೆಯವ್ರು ಒಪ್ತಾ ಇಲ್ಲ.
(ತುಮಕೂರಿನ ಓದುಗರು)

ಉತ್ತರ: ನಿಮ್ಮನೆಯವ್ರಿಗೆ ಇದನ್ನ ಓದಿ ಹೇಳಿ. ನಾಕ್ಸೋಸಲ್ಲಿ ಬೆಳಿಗ್ಗೆ ಎಂಟಕ್ಕೆ ಸಮುದ್ರ, ಆಗ ಜನ ಇರಲ್ಲ. ಹತ್ತಕ್ಕೆ ಮೊಸರು, ಕಾಫಿ. ಒಂದು ದಿನ ಬಸ್ ಹತ್ತಿ ಹಾಲ್ಕಿ ಅನ್ನೋ ಹಳ್ಳಿಗೆ, ದಾರಿ ತುಂಬ ಆಲಿವ್ ತೋಟ, ಅಲ್ಲಿ ಹೇರಳೆಕಾಯಿ ಥರದ ಒಂದು ಹಣ್ಣಿನ ಗಿಡದ ಎಲೆಯಿಂದ ಕಿತ್ರೋನ್ ಅನ್ನೋ ಮದ್ಯ ಮಾಡೋ ಭಟ್ಟಿ 1896ರಿಂದ ಇದೆ, ಕುಡಿಯದವರೂ ಒಳಗೆ ಹೋಗಿ ತಾಮ್ರದ ಹಂಡೆ ನೋಡ್ಬಹುದು. ಇನ್ನೊಂದು ದಿನ ಅಪೀರಾಂಥೋಸ್, ಓಣಿಗೆಲ್ಲಾ ಅಮೃತಶಿಲೆ ಹಾಸಿರೋ ಬೆಟ್ಟದೂರು. ನಡೆಯೋ ಶಕ್ತಿ ಇದ್ರೆ ಝಾಸ್ ಬೆಟ್ಟ, ಸಾವಿರ ಮೀಟರಿನ ಮೇಲೆ, ಸೈಕ್ಲೇಡ್ಸಲ್ಲಿ ಅದೇ ಎತ್ತರ, ಗ್ರೀಕ್ ಪುರಾಣದ ದೇವರಾಜ ಝ್ಯೂಸ್ ಬೆಳೆದಿದ್ದು ಅಲ್ಲೇ ಅಂತ ಊರವರ ನಂಬಿಕೆ. ಉಳಿದ ದಿನ ಎಲ್ಲೂ ಬೇಡ. ಮಧ್ಯಾಹ್ನ ಮೂರರಿಂದ ಐದೂವರೆ ತನಕ ಊರೇ ಮಲಗುತ್ತೆ, ಅದು ಅಲ್ಲಿನ ರೂಢಿ, ಜೋರಾಗಿ ಮಾತಾಡೋದೂ ತಪ್ಪು, ನೀವೂ ಕಿಟಕಿ ಬಾಗಿಲು ಹಾಕಿ ಮಲಗಿ.

ಸಂಜೆ ಬಂದರಿನ ಪಕ್ಕದ ಸಣ್ಣ ದಾರೀಲಿ ಪೋರ್ತಾರಾಗೆ ನಡೀರಿ. ಕ್ರಿಸ್ತಪೂರ್ವ 530ರ ಸುಮಾರಿಗೆ ಲಿಗ್ದಾಮಿಸ್ ಅನ್ನೋ ಅರಸ ಅಪೊಲೊ ದೇವರಿಗೆ ದೊಡ್ಡ ಗುಡಿ ಕಟ್ಟೋಕೆ ಶುರು ಮಾಡಿದ, ಅದು ಮುಗೀಲೇ ಇಲ್ಲ, ಬಾಗಿಲುವಾಡ ಒಂದು ಉಳ್ಕೊಂಡಿದೆ, ಆಳಿಗಿಂತ ಮೂರು ಪಟ್ಟು ಎತ್ತರದ ಅಮೃತಶಿಲೆ ಕಂಬ, ಗೋಡೆ ಇಲ್ಲ ಸೂರಿಲ್ಲ. ಗ್ರೀಕ್ ಪುರಾಣದ ವೀರ ಥೀಸಿಯಸ್ ತನ್ನ ನಂಬಿ ಬಂದ ಅರಿಯಾದ್ನೆ ಅನ್ನೋ ರಾಜಕುಮಾರಿಯನ್ನ ನಿದ್ದೆಯಲ್ಲಿ ಬಿಟ್ಟು ಹಡಗು ಹತ್ತಿ ಹೋಗಿದ್ದು ಇದೇ ದ್ವೀಪದಲ್ಲಿ ಅಂತ ಕಥೆ, ಶಕುಂತಲೆಯ ಕಥೆ ಕೇಳಿ ಬೆಳೆದ ನಮಗೆ ಆ ಹುಡುಗಿ ಸಂಕಟ ಯಾರೂ ಬಿಡಿಸಿ ಹೇಳ್ಬೇಕಿಲ್ಲ, ಆಮೇಲೆ ಡಯೊನೀಸಸ್ ದೇವರು ಬಂದು ಅವಳ ಕೈ ಹಿಡಿದ ಅಂತಾರೆ. ಸೂರ್ಯ ಆ ಬಾಗಿಲಲ್ಲಿ ಇಳಿಯೋದು ನೋಡೋಕೆ ಊರವರೂ ಬಂದು ಕೂತಿರ್ತಾರೆ. ಮೊದಲನೇ ದಿನ ನೀವು ಫೋಟೋ ತೆಗೀತೀರ. ಐದನೇ ದಿನ ಫೋನು ರೂಮಲ್ಲೇ ಬಿಟ್ಟು ಹೋಗಿರ್ತೀರ, ನಿಮ್ಮನೆಯವ್ರೇ ಬೇಗ ಹೊರಡು ಸೂರ್ಯ ಮುಳುಗುತ್ತೆ ಅಂತ ಅವಸರ ಮಾಡ್ತಿರ್ತಾರೆ.