ಕಾರು ಕಂಡರೆ ನಡುಗುವ ನಾಯಿ ಮತ್ತು ಆಗುಂಬೆ ದಾರಿ

ನಮಸ್ಕಾರ. ಕಾರಿನ ಬಾಗಿಲು ತೆರೆದೊಡನೆ ನಡುಗುವ, ಹೊರಟ ಮೇಲೆ ಜೊಲ್ಲು ಸುರಿಸಿ ವಾಂತಿ ಮಾಡುವ ನಿಮ್ಮ ಒಂದು ವರ್ಷದ ನಾಯಿಯನ್ನು ಉಡುಪಿಯಿಂದ ತೀರ್ಥಹಳ್ಳಿಗೆ ಕರೆದೊಯ್ಯುವುದು ಹೇಗೆಂದು ಕೇಳಿದ್ದೀರಿ. ಇಲ್ಲಿ ಭಯವೂ ಹೊಟ್ಟೆ ತೊಳಸುವಿಕೆಯೂ ಬೆರೆತಿರುವಂತೆ ತೋರುತ್ತದೆ. ಸಮತೋಲನ ಕಾಯುವ ಒಳಕಿವಿಯ ಭಾಗ ಪೂರ್ತಿ ಬಲಿತಿರದ ಕಾರಣ ಮರಿಗಳಲ್ಲಿ ಪ್ರಯಾಣದ ವಾಂತಿ ಹೆಚ್ಚು. ಆ ಸಂಕಟವನ್ನು ನೆನಪಿಟ್ಟುಕೊಂಡ ನಾಯಿ ಬೆಳೆದ ಮೇಲೂ ಕಾರಿಗೆ ಹೆದರುವುದುಂಟು. ಕಾರು ಹತ್ತಿದಾಗಲೆಲ್ಲ ಚುಚ್ಚುಮದ್ದಿಗೇ ಹೋಗಿದ್ದರಂತೂ ಕೇಳುವುದೇ ಬೇಡ.

ಆದ್ದರಿಂದ ಮೊದಲು ಅಂಗಳದಲ್ಲಿ ನಿಂತ ಕಾರಿನೊಳಗೆ ತಿಂಡಿ ಕೊಟ್ಟು, ಅದು ತಾನಾಗಿ ಹತ್ತಿ ಇಳಿಯುವಷ್ಟು ನಿರಾಳವಾದ ಬಳಿಕವೇ ಎಂಜಿನ್ ಚಾಲೂ ಮಾಡಿ, ಆಮೇಲೆ ಮಲ್ಪೆ ಕಡಲತೀರದಂಥ ಅದಕ್ಕೆ ಇಷ್ಟವಾಗುವ ಹತ್ತಿರದ ಜಾಗಗಳಿಗೆ ಕರೆದೊಯ್ಯಿರಿ. ಎಳೆದು ಹತ್ತಿಸುವುದಾಗಲಿ ಗದರುವುದಾಗಲಿ ಬೇಡ.

ದಾರಿಯಲ್ಲಿ ಸಿಗುವ ಸೋಮೇಶ್ವರದಿಂದ ಮೇಲಿನ ಆಗುಂಬೆ ಘಾಟಿಯ ತಿರುವುಗಳು ಮನುಷ್ಯರಿಗೇ ತಲೆ ಸುತ್ತಿಸುವಂಥವು. ಹೊರಡುವ ಕೆಲವು ಗಂಟೆ ಮೊದಲೇ ಊಟ ನಿಲ್ಲಿಸಿ, ನೀರು ಮಾತ್ರ ಕೊಡಿ. ಮರೋಪಿಟೆಂಟ್ ಮಾತ್ರೆಯ ಬಗ್ಗೆ ಪಶುವೈದ್ಯರನ್ನು ವಿಚಾರಿಸಿ. ಅದು ವಾಂತಿಯನ್ನು ತಡೆಯುತ್ತದೆಯೇ ಹೊರತು ಭಯವನ್ನಲ್ಲ; ಭಯ ತೀವ್ರವಾಗಿದ್ದರೆ ಅದಕ್ಕೆ ಬೇರೆ ಔಷಧವನ್ನು ಅವರೇ ಸೂಚಿಸುತ್ತಾರೆ. ಮನುಷ್ಯರ ಮಾತ್ರೆಗಳನ್ನು ನೀವಾಗಿ ಕೊಡಬೇಡಿ. ಘಾಟಿಗೆ ಮೊದಲೇ ಸಿಗುವ ಹೆಬ್ರಿಯಲ್ಲಿ ನಾಯಿಯನ್ನು ಇಳಿಸಿ ಸ್ವಲ್ಪ ನಡೆದಾಡಿಸಿ, ಆದರೆ ಬಾಗಿಲು ತೆರೆಯುವ ಮೊದಲೇ ಹಗ್ಗ ಕಟ್ಟಿರಲಿ.