ಎಲ್ಲಾ ಪಾಯಿಂಟೂ ಒಂದೇ ತರ ಕಾಣುತ್ತೆ ಅಂದ ಹುಡುಗಿಗೆ

ದಾವಣಗೆರೆಯಿಂದ ಸೆಕೆಂಡ್ ಪಿಯುಸಿ ಕಾಮರ್ಸ್ ಓದ್ತಿರೋ ಹುಡುಗಿಯೊಬ್ಬಳು ಪತ್ರ ಬರ್ದಿದ್ದಾಳೆ, ಹೆಸರು ಹಾಕ್ಬೇಡಿ ಅಂದಿದ್ದಾಳೆ, ಹಾಕಲ್ಲ. ಪತ್ರ ಉದ್ದ ಇದೆ, ಮುಖ್ಯ ಭಾಗ ಇಷ್ಟು: "ಸರ್, ಅಕೌಂಟೆನ್ಸಿ ಹೇಗೋ ಬರುತ್ತೆ, ಬ್ಯಾಲೆನ್ಸ್ ಶೀಟ್ ಟ್ಯಾಲಿ ಆದ್ರೆ ಸರಿ ಇದೆ ಅಂತ ಗೊತ್ತಾಗುತ್ತೆ. ಬಿಸಿನೆಸ್ ಸ್ಟಡೀಸ್ ಹಾಗಲ್ಲ. ಎಷ್ಟು ಓದಿದ್ರೂ ಎಲ್ಲಾ ಪಾಯಿಂಟೂ ಒಂದೇ ತರ ಕಾಣುತ್ತೆ, ಪ್ಲಾನಿಂಗ್ ಮಹತ್ವ ಕೇಳಿದ್ರೆ ಕಂಟ್ರೋಲಿಂಗ್ ಮಹತ್ವ ಬರೀತೀನಿ. ಪ್ರಿಪರೇಟರಿಲಿ 80ಕ್ಕೆ 34 ಬಂತು. ಬೆಳಗ್ಗೆ ಎದ್ದು ಬಾಯಿಪಾಠ ಮಾಡ್ತೀನಿ, ಸಾಯಂಕಾಲ ಅಪ್ಪನ ಬೆಣ್ಣೆದೋಸೆ ಹೋಟೆಲಲ್ಲಿ ಗಲ್ಲಾ ಮೇಲೆ ಕೂರ್ಬೇಕು, ಓದೋಕೆ ಟೈಮೇ ಸಾಲಲ್ಲ. ಇನ್ನು ನಲವತ್ತು ದಿನ ಇದೆ, ಏನ್ ಮಾಡ್ಲಿ?" ಪತ್ರದ ಜೊತೆ ಆ ಪ್ರಿಪರೇಟರಿಯ ಒಂದು ಉತ್ತರದ ಜೆರಾಕ್ಸೂ ಇಟ್ಟಿದ್ದಾಳೆ.

ತಂಗಿ, ನೀನು ಆ ಜೆರಾಕ್ಸ್ ಇಟ್ಟಿದ್ದು ತುಂಬಾ ಒಳ್ಳೇದಾಯ್ತು ಕಣಮ್ಮ. ಅದಿಲ್ಲದಿದ್ರೆ ನಾನೂ "ಟೈಮ್ ಟೇಬಲ್ ಹಾಕ್ಕೋ, ಬೇಗ ಮಲ್ಕೋ, ಧೈರ್ಯವಾಗಿರು" ಅಂತ ನಾಲ್ಕು ಸಾಲು ಬರ್ದು ಮುಗಿಸ್ತಿದ್ನೇನೋ. ಆ ಒಂದು ಹಾಳೆ ನೋಡಿದ್ಮೇಲೆ ತೊಂದರೆ ಎಲ್ಲಿದೆ ಅಂತ ಕಣ್ಣಿಗೆ ಕಂಡಿತು.

ಪ್ರಶ್ನೆ ಏನಿತ್ತು? ಹೆನ್ರಿ ಫಯೋಲ್‌ರ ಮ್ಯಾನೇಜ್‌ಮೆಂಟ್ ತತ್ವಗಳಲ್ಲಿ ಯಾವುದಾದ್ರೂ ಎಂಟನ್ನ ವಿವರಿಸಿ, ಎಂಟು ಮಾರ್ಕ್ಸು. ನೀನು ಹದಿನಾಲ್ಕು ತತ್ವದ ಹೆಸರೂ ವರಸೆಯಾಗಿ ಬರ್ದಿದ್ದೀಯ, ಒಂದೂ ತಪ್ಪಿಲ್ಲ, ಅಂದ್ರೆ ನಿನ್ನ ಜ್ಞಾಪಕಶಕ್ತಿಗೆ ಏನೂ ಆಗಿಲ್ಲ. ಆದ್ರೆ ಕೆಳಗೆ ವಿವರಣೆ ನೋಡು. ಡಿವಿಷನ್ ಆಫ್ ವರ್ಕ್ ಕೆಳಗೆ "ಇದರಿಂದ ಸಂಸ್ಥೆಯ ದಕ್ಷತೆ ಹೆಚ್ಚುತ್ತದೆ." ಶಿಸ್ತಿನ ಕೆಳಗೆ "ಇದರಿಂದ ಸಂಸ್ಥೆಯ ದಕ್ಷತೆ ಹೆಚ್ಚುತ್ತದೆ." ಆರ್ಡರ್ ಕೆಳಗೂ ಅದೇ. ಯೂನಿಟಿ ಆಫ್ ಕಮಾಂಡ್, ಯೂನಿಟಿ ಆಫ್ ಡೈರೆಕ್ಷನ್ ಎರಡರ ಕೆಳಗೂ "ಎಲ್ಲರೂ ಒಟ್ಟಾಗಿ ಕೆಲಸ ಮಾಡಬೇಕು." ನಿಮ್ಮ ಲೆಕ್ಚರರ್ ಮೂರೂವರೆ ಕೊಟ್ಟಿದ್ದಾರೆ, ನನಗೆ ಅದು ಕಮ್ಮಿ ಅಂತ ಅನ್ನಿಸ್ಲಿಲ್ಲ.

ನಾನು ನಿನಗೆ ಹೇಳ್ಬೇಕಾಗಿರೋದು ಒಂದೇ ಮಾತು. ಪ್ರತಿ ಪಾಯಿಂಟ್ ಕೆಳಗೂ ಒಂದು ವಾಕ್ಯ ಬರಿ, ಆ ವಾಕ್ಯನ ಎತ್ತಿ ಬೇರೆ ಪಾಯಿಂಟ್ ಕೆಳಗೆ ಇಡೋಕೆ ಆಗಬಾರದು. ಎತ್ತಿಟ್ರೂ ಸರಿಹೋಗುತ್ತೆ ಅಂದ್ರೆ ಆ ವಾಕ್ಯ ಖಾಲಿ, ಅದು ನಿನ್ನ ತಲೇಲೂ ನಿಲ್ಲಲ್ಲ, ಪೇಪರ್ ನೋಡೋರಿಗೂ ಏನೂ ಹೇಳಲ್ಲ. ಎಲ್ಲಾ ಒಂದೇ ತರ ಕಾಣೋದು ಇದಕ್ಕೇನೇ, ನೀನು ಓದ್ತಿರೋ ಗೈಡಲ್ಲೂ ಅರ್ಧಕ್ಕರ್ಧ ಇಂಥ ವಾಕ್ಯಗಳೇ ಇರುತ್ತೆ.

ಆ ಎರಡು ಯೂನಿಟಿಗಳನ್ನೇ ತಗೋ, ಜಾಸ್ತಿ ಜನ ಎಡವೋದು ಅಲ್ಲೇ. ಸಾಯಂಕಾಲ ಏಳು ಗಂಟೆ, ಹೋಟೆಲ್ ತುಂಬಾ ರಶ್ಶು, ನೀನು ಗಲ್ಲಾ ಮೇಲಿದ್ದೀಯ. ಅಪ್ಪ ಸಪ್ಲೈಯರ್ ಹುಡುಗನಿಗೆ "ಮೊದ್ಲು ಪಾರ್ಸಲ್ ಕಟ್ಟೋ" ಅಂತಾರೆ, ಅದೇ ಹೊತ್ತಿಗೆ ನಿಮ್ಮ ಚಿಕ್ಕಪ್ಪ ಕಾವಲಿ ಹತ್ರದಿಂದ "ಪಾರ್ಸಲ್ ಬಿಡು, ಮೂರನೇ ಟೇಬಲ್ಲಿಗೆ ದೋಸೆ ಆರ್ತಾ ಇದೆ" ಅಂತ ಕೂಗ್ತಾರೆ. ಹುಡುಗ ಯಾರ ಮಾತು ಕೇಳ್ಬೇಕು? ಯಾರದ್ದು ಕೇಳಿದ್ರೂ ಇನ್ನೊಬ್ಬರ ಹತ್ರ ಬೈಸ್ಕೋತಾನೆ. ಒಬ್ಬ ಕೆಲಸಗಾರ ಒಬ್ಬ ಮೇಲಿನವರಿಂದ ಮಾತ್ರ ಆದೇಶ ತಗೋಬೇಕು ಅನ್ನೋದು ಯೂನಿಟಿ ಆಫ್ ಕಮಾಂಡ್, ಅದು ಒಬ್ಬ ಮನುಷ್ಯನ ವಿಷಯ. ಈಗ ನಿಮ್ಮಲ್ಲಿ ಮದುವೆ ಸೀಸನ್ನಲ್ಲಿ ಅಡುಗೆ ಆರ್ಡರೂ ತಗೋತಾರೆ ಅಂತ ಇಟ್ಕೋ. ಹೋಟೆಲ್ ಕೆಲಸಕ್ಕೆ ಅಪ್ಪ, ಮದುವೆ ಆರ್ಡರಿಗೆ ಚಿಕ್ಕಪ್ಪ, ಎರಡಕ್ಕೂ ಬೇರೆ ಬೇರೆ ಪ್ಲಾನು, ಬೇರೆ ಬೇರೆ ಯಜಮಾನ್ರು. ಒಂದೇ ಗುರಿ ಇರೋ ಕೆಲಸಗಳ ಗುಂಪಿಗೆ ಒಬ್ಬ ಮುಖ್ಯಸ್ಥ, ಒಂದು ಯೋಜನೆ. ಅದು ಯೂನಿಟಿ ಆಫ್ ಡೈರೆಕ್ಷನ್, ಅದು ಕೆಲಸಗಳ ಗುಂಪಿನ ವಿಷಯ. ಈಗ ಒಂದರ ವಾಕ್ಯನ ಇನ್ನೊಂದರ ಕೆಳಗೆ ಇಟ್ಟು ನೋಡು, ಕೂರಲ್ಲ.

ನಮ್ಮ ಪತ್ರಿಕೇಲೇ ಆಗಿದ್ದು ಹೇಳ್ತೀನಿ. ಒಂದು ದೀಪಾವಳಿ ಸಂಚಿಕೆಗೆ ಮುಖಪುಟದ ಅಕ್ಷರ ಹಳದಿ ಇರ್ಲಿ ಅಂತ ನಾನು ಪೇಜ್ ಮಾಡೋ ಹುಡುಗನಿಗೆ ಹೇಳಿದ್ದೆ, ಪ್ರಿಂಟಿಂಗ್ ನೋಡ್ಕೊಳ್ಳೋರು ಬಿಳಿ ಮಾಡು ಅಂದಿದ್ರು, ಅವನು ಹೆದ್ರಿಕೊಂಡು ಯಾರನ್ನೂ ಕೇಳ್ದೆ ಮೇಲಿನ ಸಾಲು ಹಳದಿ ಕೆಳಗಿನ ಸಾಲು ಬಿಳಿ ಮಾಡಿ ಕಳಿಸ್ಬಿಟ್ಟ. ಅವನ ತಪ್ಪೇನಿತ್ತು ಹೇಳು. ಅವತ್ತಿಂದ ಮುಖಪುಟದ ಬಗ್ಗೆ ಅವನಿಗೆ ನಾನೊಬ್ಬನೇ ಹೇಳೋದು.

ಇನ್ನೊಂದು, ಹೆಸರುಗಳ ಹಿಂದೆ ಇರೋ ಮನುಷ್ಯರನ್ನ ಸ್ವಲ್ಪ ತಿಳ್ಕೋ, ಆಗ ಅವರು ಹೇಳಿದ್ದು ಯಾಕೆ ಹೇಳಿದ್ರು ಅಂತ ಗೊತ್ತಾಗುತ್ತೆ. ಫಯೋಲ್ ಫ್ರಾನ್ಸಿನ ಗಣಿ ಇಂಜಿನಿಯರ್. 1888ರಲ್ಲಿ ಕಂಪನಿ ಜವಾಬ್ದಾರಿ ಅವರ ಕೈಗೆ ಬಂದಾಗ ಅದು ಮುಳುಗೋ ಸ್ಥಿತೀಲಿತ್ತು, 1918ರಲ್ಲಿ ಅವರು ನಿವೃತ್ತಿ ಆಗೋ ಹೊತ್ತಿಗೆ ಗಟ್ಟಿಯಾಗಿ ನಿಂತಿತ್ತು. ಅಂದ್ರೆ ಮೇಲೆ ಯಜಮಾನನ ಕುರ್ಚೀಲಿ ಕೂತು ಇಡೀ ಸಂಸ್ಥೆನ ನೋಡಿದೋರು. ಅಮೆರಿಕದ ಎಫ್. ಡಬ್ಲ್ಯೂ. ಟೇಲರ್ ಇದಕ್ಕೆ ಪೂರ್ತಿ ಉಲ್ಟಾ, ಮಿಡ್‌ವೇಲ್ ಸ್ಟೀಲ್ ಕಾರ್ಖಾನೇಲಿ ಕೆಳಗಿನ ಕೆಲಸಗಾರನಾಗಿ ಸೇರಿ ಚೀಫ್ ಇಂಜಿನಿಯರ್ ಆದೋರು, ಅವರ ಕಣ್ಣೆಲ್ಲಾ ಮೆಷಿನ್ ಪಕ್ಕ ನಿಂತಿರೋ ಕೆಲಸಗಾರನ ಮೇಲೆ. ಬೆತ್ಲೆಹೆಮ್ ಸ್ಟೀಲಲ್ಲಿ ಒಬ್ಬೊಬ್ಬ ಕೆಲಸಗಾರ ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣದ ಗಟ್ಟಿ ವ್ಯಾಗನ್ನಿಗೆ ತುಂಬ್ತಿದ್ದ ಕಡೆ, ಕೆಲಸ ಮಾಡೋ ರೀತಿ, ವಿಶ್ರಾಂತಿ, ಕೂಲಿ ಎಲ್ಲಾ ಬದಲಾಯಿಸಿ 47 ಟನ್ ತುಂಬಿಸಬಹುದು ಅಂತ ಬರೆದ್ರು. ಕೆಲಸಕ್ಕೆ ಎಷ್ಟು ಹೊತ್ತು, ಕೈಕಾಲು ಎಷ್ಟು ಆಡ್ಬೇಕು, ಎಷ್ಟು ದಣಿವು ಅಂತ ನೋಡೋ ಟೈಮ್ ಸ್ಟಡಿ, ಮೋಷನ್ ಸ್ಟಡಿ, ಫಟೀಗ್ ಸ್ಟಡಿ ಎಲ್ಲಾ ಈ ಕೆಲಸಗಾರನ ಸುತ್ತಾನೇ ಹುಟ್ಟಿದ್ದು.

ಇಷ್ಟು ತಲೇಲಿದ್ರೆ "ಫಯೋಲ್ ಮತ್ತು ಟೇಲರ್ ನಡುವಿನ ವ್ಯತ್ಯಾಸ" ಬಾಯಿಪಾಠ ಮಾಡೋದೇ ಬೇಡ. ಒಬ್ರು ಮೇಲಿಂದ ನೋಡಿದ್ರು, ಇನ್ನೊಬ್ರು ಕೆಳಗಿಂದ. ಫಯೋಲ್ ಒಬ್ಬನೇ ಬಾಸ್ ಇರ್ಬೇಕು ಅಂತ ಹಟ ಹಿಡಿದ್ರೆ, ಟೇಲರ್ ತನ್ನ ಫಂಕ್ಷನಲ್ ಫೋರ್‌ಮನ್‌ಶಿಪ್ಪಲ್ಲಿ ಒಬ್ಬ ಕೆಲಸಗಾರನ ಮೇಲೆ ಎಂಟು ಜನ ಫೋರ್‌ಮನ್‌ಗಳನ್ನ ಇಟ್ಟರು, ಪ್ಲಾನಿಂಗ್ ಕಡೆ ನಾಲ್ಕು, ಪ್ರೊಡಕ್ಷನ್ ಕಡೆ ನಾಲ್ಕು. ಸ್ಪೀಡ್ ಬಾಸ್, ರಿಪೇರಿ ಬಾಸ್, ಇನ್‌ಸ್ಪೆಕ್ಟರ್ ಎಲ್ಲಾ ಬರೋದು ಅಲ್ಲೇ. ನಿಮ್ಮ ಸಪ್ಲೈಯರ್ ಹುಡುಗನ ಮೇಲೆ ಎಂಟು ಜನ ಕೂಗಿದ್ರೆ ಹೇಗಿರುತ್ತೆ ಅಂತ ನೆನೆಸ್ಕೋ, ಈ ವ್ಯತ್ಯಾಸ ಜನ್ಮದಲ್ಲಿ ಮರೆಯಲ್ಲ.

ಪ್ಲಾನಿಂಗ್ ಕಂಟ್ರೋಲಿಂಗ್ ಕಲಸಿಹೋಗುತ್ತೆ ಅಂದ್ಯಲ್ಲ. ಬೆಳಗ್ಗೆ ಅಪ್ಪ ಅಕ್ಕಿ ನೆನೆಹಾಕೋಕೆ ಮುಂಚೆ ಒಂದು ನಿಮಿಷ ಯೋಚನೆ ಮಾಡ್ತಾರಲ್ವಾ, ನಾಳೆ ಭಾನುವಾರ, ಸಂತೆ ದಿನ ಬೇರೆ, ಹತ್ತು ಕೆಜಿ ಜಾಸ್ತಿ ಹಾಕೋಣ ಅಂತ. ಅದೇ ಪ್ಲಾನಿಂಗ್, ಮುಂದಿನದ್ದನ್ನ ಅಂದಾಜು ಮಾಡಿ ಇವತ್ತೇ ತೀರ್ಮಾನ ಮಾಡೋದು. ಮಾರನೇ ದಿನ ರಾತ್ರಿ ಬಾಗಿಲು ಹಾಕೋಕೆ ಮುಂಚೆ ಪಾತ್ರೆ ಮುಚ್ಚಳ ತೆಗೆದು ಹಿಟ್ಟು ಎಷ್ಟು ಉಳೀತು ಅಂತ ನೋಡ್ತಾರೆ. ಅಂದ್ಕೊಂಡಿದ್ದು ಎಷ್ಟು, ಖರ್ಚಾಗಿದ್ದು ಎಷ್ಟು, ವ್ಯತ್ಯಾಸ ಯಾಕೆ ಬಂತು, ಮಳೆ ಬಂತಾ, ಹಿಟ್ಟು ಹುಳಿಯಾಯ್ತಾ, ನಾಳೆ ಏನು ಸರಿ ಮಾಡ್ಬೇಕು. ಕಂಟ್ರೋಲಿಂಗಿನ ಹಂತಗಳು ಅಂತ ಪುಸ್ತಕದಲ್ಲಿ ಐದು ಪಾಯಿಂಟ್ ಇದೆಯಲ್ಲ, ಸ್ಟ್ಯಾಂಡರ್ಡ್ ಇಡೋದು, ನಡೆದಿದ್ದನ್ನ ಅಳೆಯೋದು, ಹೋಲಿಸೋದು, ವ್ಯತ್ಯಾಸ ವಿಶ್ಲೇಷಿಸೋದು, ಸರಿಪಡಿಸೋದು, ಅಷ್ಟೂ ಆ ಮುಚ್ಚಳ ತೆಗೆಯೋದ್ರಲ್ಲೇ ಇದೆ. ಅಪ್ಪ ಬೆಣ್ಣೆ ಮೇಲೆ ಕಣ್ಣಿಟ್ಟಷ್ಟು ಉಪ್ಪಿನ ಮೇಲೆ ಇಡಲ್ಲ ಅಲ್ವಾ? ಬೆಣ್ಣೆ ಖರ್ಚು ನೂರಕ್ಕೆ ಐದು ಜಾಸ್ತಿ ಆದ್ರೂ ಲಾಭ ಕರಗುತ್ತೆ, ಉಪ್ಪಿಂದು ಹದಿನೈದು ಜಾಸ್ತಿ ಆದ್ರೂ ಗೊತ್ತಾಗಲ್ಲ. ಕ್ರಿಟಿಕಲ್ ಪಾಯಿಂಟ್ ಕಂಟ್ರೋಲ್ ಅಂದ್ರೆ ಇದು.

ಆದ್ರೆ ಇಲ್ಲೊಂದು ಎಚ್ಚರಿಕೆ ಹೇಳ್ಲೇಬೇಕು. ಹೋಟೆಲ್ ಕಥೆ ನಿನಗೆ ಅರ್ಥ ಆಗೋಕೆ, ಉತ್ತರದಲ್ಲಿ ದೋಸೆ ಹಿಟ್ಟಿನ ಕಥೆನೇ ಬರ್ದು ಬಂದ್ರೆ ಮಾರ್ಕ್ಸ್ ಬರಲ್ಲ. ಪುಸ್ತಕದ ಪದ ಬಿಡಬೇಡ. ಮೊದಲು ಪಾಯಿಂಟಿನ ಹೆಸರು ಪುಸ್ತಕದಲ್ಲಿರೋ ಹಾಗೇ, ಅದರ ಕೆಳಗೆ ಅರ್ಥ, ಆಮೇಲೆ ಬೇಕಿದ್ರೆ ಒಂದು ಸಾಲು ಉದಾಹರಣೆ. ಎಂಟು ಕೇಳಿದ್ರೆ ಎಂಟೇ ಬರಿ, ಹದಿನಾಲ್ಕು ಹೆಸರು ಬರೆಯೋ ಟೈಮನ್ನ ಎಂಟರ ವಿವರಣೆಗೆ ಹಾಕು. ಪ್ರಾಕ್ಟಿಕಲ್ ಓರಿಯೆಂಟೆಡ್ ಪ್ರಶ್ನೆಗಳಿಗೆ ಮಾತ್ರ ನಿನ್ನ ಹೋಟೆಲ್ ತಲೆ ನೇರವಾಗಿ ಉಪಯೋಗಕ್ಕೆ ಬರುತ್ತೆ, ಅವುಗಳನ್ನ ಬಿಡಬೇಡ. ಮನುಷ್ಯನ ಅಗತ್ಯಗಳನ್ನ ಮೆಟ್ಟಿಲು ಮೆಟ್ಟಿಲಾಗಿ ತೋರಿಸೋ ಮಾಸ್ಲೋ ಪಿರಮಿಡ್, ಸಂಘಟನೆಯ ಚಾರ್ಟ್ ಇಂಥವನ್ನ ಪೆನ್ಸಿಲ್ ಸ್ಕೇಲ್ ಇಟ್ಕೊಂಡು ನಾಲ್ಕೈದು ಸಲ ಬರ್ದು ಕೈ ಪಳಗಿಸ್ಕೋ.

ನೀನು ಓದ್ತಿರೋ ಗೈಡು ನಿಮ್ಮ ಅಕ್ಕನದು ಅಂದಿದ್ದೀಯ. ಹುಷಾರು. ಗ್ರಾಹಕರ ರಕ್ಷಣೆ ಪಾಠ ತೆಗೆದು ನೋಡು, ಅದರಲ್ಲಿ 1986ರ ಕಾಯ್ದೆ, ಜಿಲ್ಲಾ ವೇದಿಕೆಗೆ 20 ಲಕ್ಷದವರೆಗಿನ ದೂರು ಅಂತ ಇದ್ರೆ ಅದು ಹಳೇದು. 2019ರ ಹೊಸ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂತು, ಜಿಲ್ಲಾ ಆಯೋಗಕ್ಕೆ ಮೊದಲು ಒಂದು ಕೋಟಿವರೆಗೆ ಅಂತ ಇಟ್ರು, 2021ರ ಡಿಸೆಂಬರಲ್ಲಿ ನಿಯಮ ಬದಲಾಯಿಸಿ ಅದನ್ನ 50 ಲಕ್ಷಕ್ಕೆ ಇಳಿಸಿದ್ರು, ರಾಜ್ಯ ಆಯೋಗಕ್ಕೆ 50 ಲಕ್ಷದಿಂದ 2 ಕೋಟಿ, ಅದರ ಮೇಲಿಂದು ರಾಷ್ಟ್ರೀಯ ಆಯೋಗ. ಪರೀಕ್ಷೇಲಿ ಯಾವ ಅಂಕಿ ಬರೀಬೇಕು ಅನ್ನೋದಕ್ಕೆ ಈ ವರ್ಷದ ನಿನ್ನ ಟೆಕ್ಸ್ಟ್ ಬುಕ್ಕೇ ಆಧಾರ, ಅದರಲ್ಲಿ ಏನಿದೆ ನೋಡಿ ಲೆಕ್ಚರರ್ ಹತ್ರ ಒಂದ್ಸಲ ಕೇಳ್ಕೋ. ಅಕ್ಕನ ಗೈಡ್ ನಂಬ್ಕೊಂಡು ಹೋಗಿ ಕೈಯಲ್ಲಿದ್ದ ಮಾರ್ಕ್ಸ್ ಕಳ್ಕೋಬೇಡ.

ಫೈನಾನ್ಸ್ ಪಾಠಕ್ಕೆ ಹೆದರ್ತೀನಿ ಅಂತಾನೂ ಬರ್ದಿದ್ದೀಯ, ಟ್ರೇಡಿಂಗ್ ಆನ್ ಈಕ್ವಿಟಿ ಅರ್ಥಾನೇ ಆಗಲ್ಲ ಅಂತ. ಸಾಲ ತಂದು ಶೇರುದಾರರ ಲಾಭ ಹೆಚ್ಚಿಸೋದು, ಅಷ್ಟೇ ಅದು. ಅಕೌಂಟೆನ್ಸಿ ಬರೋ ಹುಡುಗಿಗೆ ಇದು ಸಲೀಸು, ಒಂದು ಲೆಕ್ಕ ಮಾಡೋಣ ಬಾ. ಹತ್ತು ಲಕ್ಷ ಬಂಡವಾಳದ ಕಂಪನಿ, ಬಡ್ಡಿ, ತೆರಿಗೆ ಎರಡೂ ಕಳೆಯೋಕೆ ಮುಂಚಿನ ಲಾಭ ಎರಡು ಲಕ್ಷ, ತೆರಿಗೆ ನೂರಕ್ಕೆ ಮೂವತ್ತು. ಎಲ್ಲಾ ಹತ್ತು ರೂಪಾಯಿ ಶೇರಲ್ಲೇ ಎತ್ತಿದ್ರೆ ಒಂದು ಲಕ್ಷ ಶೇರು, ತೆರಿಗೆ ಕಳೆದು ಉಳಿಯೋದು 1,40,000, ಶೇರಿಗೆ 1.40 ರೂಪಾಯಿ. ಅರ್ಧ ಅಂದ್ರೆ ಐದು ಲಕ್ಷನ ನೂರಕ್ಕೆ ಹತ್ತರ ಬಡ್ಡಿಗೆ ಸಾಲ ತಂದ್ರೆ 50,000 ಬಡ್ಡಿ ಹೋಯ್ತು, ಉಳಿದ ಒಂದೂವರೆ ಲಕ್ಷಕ್ಕೆ 45,000 ತೆರಿಗೆ, ಕೈಗೆ 1,05,000, ಆದ್ರೆ ಶೇರು ಐವತ್ತೇ ಸಾವಿರ, ಒಂದಕ್ಕೆ 2.10. ಸಾಲ ಮಾಡಿದ್ರೂ ಶೇರುದಾರರಿಗೆ ಜಾಸ್ತಿ ಸಿಕ್ತು. ಯಾಕೆ? ಹಾಕಿದ ದುಡ್ಡು ನೂರಕ್ಕೆ ಇಪ್ಪತ್ತು ದುಡೀತಿದೆ, ಬಡ್ಡಿ ಹತ್ತೇ. ಈಗ ಲಾಭ 80,000ಕ್ಕೆ ಇಳೀತು ಅಂತ ಇಟ್ಕೊಂಡು ಅದೇ ಲೆಕ್ಕ ನೀನೇ ಮಾಡು. ಸಾಲ ಇಲ್ಲದಿದ್ರೆ 56 ಪೈಸೆ, ಸಾಲ ಇದ್ರೆ 42 ಪೈಸೆ ಬರ್ಬೇಕು. ದುಡಿಮೆಗಿಂತ ಬಡ್ಡಿ ಜಾಸ್ತಿ ಆದ ತಕ್ಷಣ ಸಾಲ ತಿರುಗಿ ಬೀಳುತ್ತೆ. ಅಪ್ಪ ದೊಡ್ಡ ಗ್ರೈಂಡರಿಗೆ ಸಾಲ ತರೋಣ್ವಾ ಬೇಡ್ವಾ ಅಂತ ರಾತ್ರಿ ಅಮ್ಮನ ಹತ್ರ ಮಾತಾಡೋದೂ ಇದೇ ಲೆಕ್ಕಾನೇ.

ಇನ್ನು ನಲವತ್ತು ದಿನ ಹೇಗೆ ಕಳೀಬೇಕು ಅನ್ನೋದು. ಬೆಳಗ್ಗೆ ಎದ್ದು ಜೋರಾಗಿ ಓದಿಕೊಳ್ಳೋದನ್ನ ನಿಲ್ಲಿಸು ಅನ್ನಲ್ಲ, ಅರ್ಧ ಮಾಡು. ಉಳಿದ ಹೊತ್ತಲ್ಲಿ ಪುಸ್ತಕ ಮುಚ್ಚಿ ಒಂದೇ ಒಂದು ಪ್ರಶ್ನೆಗೆ ಉತ್ತರ ಬರಿ, ಆಮೇಲೆ ಪುಸ್ತಕ ತೆಗೆದು ಕೆಂಪು ಪೆನ್ನಲ್ಲಿ ನೀನೇ ತಿದ್ದು. ಬರೆಯುವಾಗ ನೆನಪಾಗದೆ ಒದ್ದಾಡ್ತೀಯಲ್ಲ, ಓದಿದ್ದು ಗಟ್ಟಿಯಾಗೋದೇ ಆ ಒದ್ದಾಟದಲ್ಲಿ, ಬೇಜಾರ್ ಮಾಡ್ಕೋಬೇಡ. ಮೊದಲ ವಾರ ಬರೀ ಜೋಡಿಗಳು: ಡೆಲಿಗೇಶನ್ ಡಿಸೆಂಟ್ರಲೈಸೇಶನ್, ಎಫಿಶಿಯೆನ್ಸಿ ಎಫೆಕ್ಟಿವ್‌ನೆಸ್, ಫಾರ್ಮಲ್ ಇನ್‌ಫಾರ್ಮಲ್, ಟ್ರೈನಿಂಗ್ ಡೆವಲಪ್‌ಮೆಂಟ್. ಕಲಸಿಹೋಗೋದು ಇವೇ, ಇವು ಬಿಡಿಸ್ಕೊಂಡ್ರೆ ಪಾಠಗಳೂ ಬಿಡಿಸ್ಕೊಳ್ಳುತ್ತೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯವ್ರು ಮಾದರಿ ಪ್ರಶ್ನೆಪತ್ರಿಕೆ ಹಾಕ್ತಾರೆ, ಕೊನೇ ಹತ್ತು ದಿನಕ್ಕೆ ಅಂತ ಮೂರನ್ನ ಎತ್ತಿಟ್ಕೋ, ಗಡಿಯಾರ ಇಟ್ಕೊಂಡು ಪೂರ್ತಿ ಬರಿ, ಈಗಲೇ ನೋಡ್ಬೇಡ. 20 ಮಾರ್ಕ್ಸಿನ ಇಂಟರ್ನಲ್ ಇದೆ ಅಂತ ರಿಟನ್ ಪೇಪರನ್ನ ಹಗುರವಾಗಿ ತಗೋಬೇಡ.

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಈಗ ಇಂಗ್ಲಿಷಲ್ಲಿ ಬರೆಯೋಕೆ ಕೈ ಬರಲ್ಲ ಅಂದಿದ್ದಕ್ಕೆ: ನೀನು ತಪ್ಪು ಮಾಡ್ತಿರೋದು ಉದ್ದ ವಾಕ್ಯ ಬರೆಯೋಕೆ ಹೋಗಿ. ಎಂಟೇ ಪದದ ವಾಕ್ಯ ಸಾಕು, ಅರ್ಥ ಸರಿ ಇದ್ರೆ ಆಯ್ತು. ಕಷ್ಟದ ಮೂವತ್ತು ಪದದ ಸ್ಪೆಲ್ಲಿಂಗ್ ಮಾತ್ರ ಗಲ್ಲಾ ಪಕ್ಕ ಒಂದು ಚೀಟೀಲಿ ಬರ್ದಿಟ್ಕೋ.

ಗಲ್ಲಾ ಅಂದ್ಕೂಡ್ಲೇ ನೆನಪಾಯ್ತು. ಓದೋಕೆ ಟೈಮ್ ಸಾಲಲ್ಲ ಅಂದ್ಯಲ್ಲ, ಅದು ನಿಜ, ಅದರ ಬಗ್ಗೆ ಅಪ್ಪನ ಹತ್ರ ನೇರವಾಗಿ ಮಾತಾಡು. ಈ ಪತ್ರಿಕೆ ಅವರೂ ಓದ್ತಾರೆ ಅಂದಿದ್ದೀಯ, ಹಾಗಾಗಿ ನಾನೇ ಇಲ್ಲಿ ಕೇಳ್ತೀನಿ: ಅಣ್ಣಾವ್ರೇ, ಮಗಳಿಗೆ ಪರೀಕ್ಷೆ ಮುಗಿಯೋವರೆಗೆ ಸಾಯಂಕಾಲದ ಗಲ್ಲಾ ಬಿಡಿಸಿ, ಬೇಕಿದ್ರೆ ಭಾನುವಾರ ಎರಡು ಗಂಟೆ ಕೂರ್ಲಿ. ಅವಳು ಓದ್ತಿರೋದು ನೀವು ದಿನಾ ಮಾಡೋ ಕೆಲಸಾನೇ, ರಾತ್ರಿ ಊಟದ ಹೊತ್ತಿಗೆ ಹಿಟ್ಟು ಯಾಕೆ ಉಳೀತು ಅಂತ ಅವಳಿಗೆ ಐದು ನಿಮಿಷ ಹೇಳಿ, ಟ್ಯೂಷನ್ನಿಗಿಂತ ಜಾಸ್ತಿ ಉಪಯೋಗ ಆಗುತ್ತೆ.

ತಂಗಿ, ಆ ಫಯೋಲ್ ಉತ್ತರನ ಪುಸ್ತಕ ನೋಡ್ದೆ ಇನ್ನೊಂದ್ಸಲ ಬರ್ದು ಕಳ್ಸು, ಎಂಟೇ ತತ್ವ. ಕೆಂಪು ಪೆನ್ನಲ್ಲಿ ತಿದ್ದಿ ವಾಪಸ್ ಪೋಸ್ಟ್ ಮಾಡ್ತೀನಿ.

ಸಂಪಾದಕ